ಓದಲೆಂದು ಹೊರನಾಡಿಗೆ ಹೋದವರು

ಈಚೆಗೆ ನಮ್ಮ ಕರ್ನಾಟಕದ ಮನೆಗಳಿಂದ ಮಕ್ಕಳು ವೈದ್ಯವಿದ್ಯೆಗಾಗಿ ಕಿರ್ಗಿಜಸ್ತಾನ, ಉಜ್ಬೇಕಿಸ್ತಾನಗಳಂತಹ ಮುಸಲ್ಮಾನರೇ ಬಹುಸಂಖ್ಯರಾದ ದೇಶಗಳಿಗೆ ಹೊರಡುತ್ತಿರುವರು. ಹಾಗೆ ಮಕ್ಕಳನ್ನು ಕಳುಹುವ ತಾಯಿತಂದೆಗಳು ನಮ್ಮಂತಹ ಹಳೆಯ ಮಾಸ್ತರರನ್ನು ಕೇಳುವ ಪ್ರಶ್ನೆಗಳು ಎರಡೇ: ಅಲ್ಲಿ ಊಟ ಹೇಗೆ? ಅಲ್ಲಿಯವರ ಮತಾಚಾರದ ನಡುವೆ ನಮ್ಮ ಹುಡುಗನು ಹೇಗಿದ್ದಾನು? ಉತ್ತರವನ್ನು ದೂರ ಅರಸಬೇಕಾದುದಿಲ್ಲ. ನಮ್ಮ ಹುಲಿಗಿಯ ಸುತ್ತಣ ಸೀಮೆಯ ಅಜ್ಜಂದಿರು ಹಿಂದೆ ಹೈದರಾಬಾದಿಗೆ ಓದಲು ಹೋದವರು.

ಕೊಪ್ಪಳ ಸೀಮೆಯು 1948ರವರೆಗೆ ನಿಜಾಮರ ಸಂಸ್ಥಾನದೊಳಗಿದ್ದಿತೆಂಬುದನ್ನು ವಾಚಕರು ಬಲ್ಲರು. ಅಂದಮೇಲೆ ಹೈದರಾಬಾದು ನಮ್ಮದೇ ರಾಜಧಾನಿ. ಆದರೂ ಅಲ್ಲಿಗೆ ಹೋಗುವ ರೈಲು ಮೊದಲು ತುಂಗಭದ್ರೆಯನ್ನು ದಾಟಿ, ಆಂಗ್ಲರ ಮದ್ರಾಸು ಪ್ರಾಂತದ ಹೊಸಪೇಟೆ, ಬಳ್ಳಾರಿ, ಗುಂತಕಲ್ಲುಗಳನ್ನು ಹಾದು, ರಾಯಚೂರಿನ ಬಳಿ ಮರಳಿ ಸಂಸ್ಥಾನವನ್ನು ಹೊಕ್ಕು ವಾಡಿಯ ಮಾರ್ಗವಾಗಿ ಸಾಗಬೇಕು. ಸ್ವಂತ ರಾಜಧಾನಿಯನ್ನು ಕಾಣಲು ಪರರಾಜ್ಯದ ಪ್ರಯಾಣ! ಕಿಸೆಯಲ್ಲಿಯೂ ಎರಡು ಬಗೆಯ ನಾಣ್ಯ: ಆಂಗ್ಲರ ಕಲದಾರ, ಚಾರಮಿನಾರದ ಚಿತ್ರವುಳ್ಳ ಹಾಲಿ ಸಿಕ್ಕಾ.

ಬಾಲ್ಯದಲ್ಲಿ ನಾವು ಹಿರಿಯರಿಂದ ಕೇಳಿದಂತೆ, ಧೋತರದ ಹುಡುಗನಿಗೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಶೇರವಾನಿ. ಕಿವಿಗೆ ಬೀಳುತ್ತಿದ್ದುದು ‘ಆದಾಬ್’. ಸರಕಾರಿ ಕಾಗದಗಳಲ್ಲಿ ಫಸಲಿ ಸಂವತ್ಸರ, ಪಾರಸೀ ಮಾಸಗಳು. ಅವುಗಳಲ್ಲೊಂದಾದ ‘ಮೆಹರ್’ ನಮ್ಮ ವೇದದ ಮಿತ್ರನ ಸೋದರನೆಂಬುದನ್ನು ಆ ಹುಡುಗನಿಗೆ ಯಾರೂ ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಅರ್ಧ ಪರಕೀಯತೆ ಅಲ್ಲಿಯೇ ಕಳೆಯುತ್ತಿತ್ತೆಂದು ನಮಗೆ ತೋರುತ್ತದೆ. ಊಟ ಉಡುಪುಗಳೆಲ್ಲ ಕೆಲವು ತಿಂಗಳುಗಳಲ್ಲಿ ರೂಢಿಯಾದುವು.

ರೂಢಿಯಾಗದೆ ಉಳಿದುದು ಪಾಠದ ಭಾಷೆ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿಯೇ ಎಲ್ಲ ಶಾಸ್ತ್ರಗಳನ್ನೂ ಬೋಧಿಸಿತು. ಅದಕ್ಕಾಗಿ ‘ದಾರುಲ್ ತರ್ಜುಮಾ’ ಎಂಬ ಭಾಷಾಂತರ ಕಚೇರಿಯನ್ನು ತೆರೆದು ಗ್ರಂಥಗಳನ್ನು ಸಿದ್ಧಪಡಿಸಿತು. ಆಂಗ್ಲಭಾಷೆಯೊಂದೇ ವಿದ್ಯೆಯ ದ್ವಾರವೆಂದು ನಂಬಿದ್ದ ಆ ಕಾಲದಲ್ಲಿ ಇದು ಸಾಮಾನ್ಯ ಸಾಹಸವಲ್ಲ. ಕನ್ನಡಕ್ಕಾಗಿ ಅಷ್ಟು ಮಾಡಿದ ಅರಸರನ್ನು ನಾವು ಕಾಣೆವು. ಆದರೆ ಕನ್ನಡದ ಹುಡುಗನ ಪಾಡೇನು? ಅವನ ತ್ರಿಕೋಣವು ‘ಮುಸಲ್ಲಸ್’ ಆಯಿತು, ಭೂಗೋಲವು ‘ಜುಗ್ರಾಫಿಯಾ’ ಆಯಿತು. ಬರಹವು ಬಲದಿಂದ ಎಡಕ್ಕೆ ಹರಿದರೆ, ಅದರ ನಡುವಣ ಅಂಕಿಗಳು ಮಾತ್ರ ನಮ್ಮಂತೆ ಎಡದಿಂದ ಬಲಕ್ಕೆ! ಆ ಅಂಕಿಗಳು ಭಾರತದಿಂದ ಅರಬರಲ್ಲಿಗೆ ಹೋದುವಷ್ಟೆ. ಪುಟದಲ್ಲಿ ಪರಿಚಿತರೆಂದರೆ ಅವೇ. ತಿಳಿದುದನ್ನು ಹೇಳಲು ಮಾತಿಲ್ಲದೆ ಜಾಣ ಹುಡುಗನೂ ದಡ್ಡನೆನಿಸಿದನು. ಉರ್ದು ಮಾಧ್ಯಮದ ಪ್ರೌಢಶಾಲೆಯಲ್ಲಿಯೇ ಸೋತು ಹೊಲಕ್ಕೆ ಮರಳಿದವರ ಲೆಕ್ಕವನ್ನು ಇಟ್ಟವರಾರು?

ಮತದ ತೊಡಕು ಇರಲೇ ಇಲ್ಲವೆನ್ನಲಾಗದು. 1938ರಲ್ಲಿ ವಸತಿಗೃಹದಲ್ಲಿ ‘ವಂದೇ ಮಾತರಂ’ ಹಾಡಿದುದಕ್ಕಾಗಿ ನೂರಾರು ವಿದ್ಯಾರ್ಥಿಗಳು ಹೊರದೂಡಲ್ಪಟ್ಟರು. ನಾಗಪುರದ ವಿಶ್ವವಿದ್ಯಾಲಯವು ಅನೇಕರನ್ನು ಸೇರಿಸಿಕೊಂಡಿತು. ಆದರೆ ಅದನ್ನು ಹೂಡಿದುದು ಆಳುವವರ ಅಂಜಿಕೆ. ನೆರೆಯ ಕೋಣೆಯ ಮುಸಲ್ಮಾನ ಸಹಪಾಠಿಯ ಮೇಲೆ ಹಿರಿಯರು ದೂರು ಹೇಳಿದುದನ್ನು ನಾವು ಕೇಳಿಲ್ಲ. ಪಾಠದ ಅರ್ಥವನ್ನು ರಾತ್ರಿ ಬಿಡಿಸಿ ಹೇಳುತ್ತಿದ್ದವನು ಅವನೇ ಎಂಬುದನ್ನು ಮಾತ್ರ ಹಲವು ಸಲ ಕೇಳಿದ್ದೇವೆ. 1948ರ ಸಪ್ಟೆಂಬರದಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾದ ತರುವಾಯ ಉರ್ದುವಿನ ಸ್ಥಾನಕ್ಕೆ ಆಂಗ್ಲವು ಬಂದಿತು. ಕಷ್ಟಪಟ್ಟು ಒಂದನ್ನು ಕಲಿತವರು ಇನ್ನೊಂದಕ್ಕೆ ಕೈಹಾಕಿದರು.

ಆದುದರಿಂದ ಇಂದಿನ ಗೃಹಸ್ಥರು ಊಟದ ಪ್ರಶ್ನೆಗಿಂತ ಮೊದಲು ಭಾಷೆಯ ಪ್ರಶ್ನೆಯನ್ನು ಕೇಳಲಿ. ಪರದೇಶದಲ್ಲಿ ವೈದ್ಯವಿದ್ಯೆ ಕಲಿತವರು ಇಲ್ಲಿ ವೃತ್ತಿ ನಡೆಸಬೇಕಾದರೆ ಪಾಠವು ಆಂಗ್ಲದಲ್ಲಿ ಕನಿಷ್ಠ 54 ತಿಂಗಳು ನಡೆದಿರಬೇಕೆಂದೂ, ಅಲ್ಲಿಯೇ 12 ತಿಂಗಳ ಆಸ್ಪತ್ರೆಯ ತರಬೇತಿಯಾಗಿರಬೇಕೆಂದೂ 2021ರ ನಿಯಮವಿದೆ. ಪಾಠವೇನೋ ಆಂಗ್ಲದಲ್ಲಾದೀತು, ಬಿಷ್ಕೇಕಿನ ಆಸ್ಪತ್ರೆಯಲ್ಲಿ ನರಳುವ ಮುದುಕಿಯು ಕಿರ್ಗಿಜ ಭಾಷೆಯಲ್ಲಿ ಇಲ್ಲವೆ ರಷ್ಯನ್ನಿನಲ್ಲಿಯೇ ನರಳುವಳು. ಹೊರಡುವ ಮೊದಲೇ ಆ ಎರಡರಲ್ಲೊಂದರ ಅಕ್ಷರಮಾಲೆಯನ್ನು ಹುಡುಗನು ತಿದ್ದಲಿ. ಉಪ್ಪಿನಕಾಯಿಯ ಭರಣಿಯನ್ನು ಆಮೇಲೆ ಕಟ್ಟಿದರಾದೀತು.