ಅಡ್ಡಪಟ್ಟಿಯೂ ಅಗ್ನಿಯೂ

ಓಟದಲ್ಲಿ ಗೆದ್ದವರು ಗೆಲುವಿನೊಡನೆಯೇ ನಿಲ್ಲುತ್ತಾರೆ. ಪೋಲ್‌ವಾಲ್ಟ್ ಪಟುಗಳಿಗೆ ಆ ಭಾಗ್ಯವಿಲ್ಲ. ಪ್ರತಿಯೊಂದು ಎತ್ತರಕ್ಕೂ ಮೂರು ಅವಕಾಶ. ದಾಟಿದೊಡನೆ ಅಡ್ಡಪಟ್ಟಿ ಮತ್ತೂ ಮೇಲೇರುತ್ತದೆ. ಹೀಗಾಗಿ, ವಿಜಯಿಯ ದಿನವೂ ಬಹುಮಟ್ಟಿಗೆ ವಿಫಲವಾದ ನೆಗೆತದಲ್ಲಿಯೇ ಮುಗಿಯುವುದು ಈ ಆಟದ ವೈಚಿತ್ರ್ಯ.

ಇದನ್ನು ಚೆನ್ನಾಗಿ ಬಲ್ಲವಳು ಗ್ರೀಸ್ ದೇಶದ ಕ್ಯಾಟೆರಿನಾ ಸ್ಟೆಫಾನಿಡಿ. 1990ರಲ್ಲಿ ಅಥೆನ್ಸಿನಲ್ಲಿ ಜನಿಸಿದ ಈಕೆ ಹದಿನೈದರ ಹರೆಯದಲ್ಲಿಯೇ, 2005ರಲ್ಲಿ, ಮರಾಕೇಶ್ ನಗರದಲ್ಲಿ ಕಿಶೋರರ ವಿಶ್ವಪ್ರಶಸ್ತಿಯನ್ನು ಗಳಿಸಿದಳು. ಆದರೆ ಬಾಲ್ಯದ ಕೀರ್ತಿ ಮುಂದಿನ ದಾರಿಯನ್ನು ಸುಗಮಗೊಳಿಸಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗದೊಡನೆ ಅಭ್ಯಾಸವನ್ನೂ ನಡೆಸಿದ ಆಕೆಗೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಂತಿಮ ಸುತ್ತೂ ದಕ್ಕಲಿಲ್ಲ.

ಫಲ ಕೈಗೂಡಿದ್ದು 2016ರಲ್ಲಿ, ರಿಯೋ ನಗರದಲ್ಲಿ. ಆಕೆಯೂ ಅಮೆರಿಕದ ಸ್ಯಾಂಡಿ ಮಾರಿಸಳೂ ದಾಟಿದ ಎತ್ತರ ಒಂದೇ: 4.85 ಮೀಟರು. ತಪ್ಪಿದ ನೆಗೆತಗಳ ಲೆಕ್ಕ ತೆಗೆದಾಗ ಚಿನ್ನ ಗ್ರೀಸಿನ ಪಾಲಾಯಿತು. ಮರುವರ್ಷ ಲಂಡನ್ನಿನಲ್ಲಿ 4.91 ಮೀಟರು ದಾಟಿ ಆಕೆ ವಿಶ್ವವಿಜೇತೆಯೂ ಆದಳು.

ಆದರೆ ನಮ್ಮ ಗೌರವಕ್ಕೆ ಆಕೆ ಪಾತ್ರಳಾಗುವುದು ಪದಕಗಳಿಂದ ಮಾತ್ರವಲ್ಲ. 2020ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿ ಹಬ್ಬುತ್ತಿದ್ದಾಗ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಪಟುಗಳು ಸಿದ್ಧತೆಯನ್ನು ಮುಂದುವರಿಸಲೆಂದಿತು. ನಮ್ಮ ಆರೋಗ್ಯವನ್ನೂ ಮನೆಯವರ ಆರೋಗ್ಯವನ್ನೂ ಅಪಾಯಕ್ಕೊಡ್ಡಬೇಕೇ ಎಂದು ಸ್ಟೆಫಾನಿಡಿ ಬಹಿರಂಗವಾಗಿ ಪ್ರಶ್ನಿಸಿದಳು. ಎರಡು ದಿನಗಳ ಬಳಿಕ, ಪ್ರೇಕ್ಷಕರಿಲ್ಲದ ಅಥೆನ್ಸಿನ ಪುರಾತನ ಕ್ರೀಡಾಂಗಣದಲ್ಲಿ ಒಲಿಂಪಿಕ್ ಅಗ್ನಿಕುಂಡವನ್ನು ಹೊತ್ತಿಸಿದವಳೂ ಆಕೆಯೇ. ಅದೇ ತಿಂಗಳ 24ರಂದು ಕ್ರೀಡೆಗಳು ಮುಂದೂಡಲ್ಪಟ್ಟವು.

1896ರಲ್ಲಿ ಅದೇ ಅಂಗಣದಲ್ಲಿ ಆಧುನಿಕ ಒಲಿಂಪಿಕ್ಸ್ ಆರಂಭವಾದಾಗ ಸ್ಪರ್ಧಿಗಳಲ್ಲಿ ಒಬ್ಬ ಸ್ತ್ರೀಯೂ ಇರಲಿಲ್ಲ. ಮಹಿಳೆಯರ ಪೋಲ್‌ವಾಲ್ಟ್ ಒಲಿಂಪಿಕ್ಸ್‌ನಲ್ಲಿ ಸೇರಿದ್ದು 2000ದಲ್ಲಿ, ಸಿಡ್ನಿಯಲ್ಲಿ.

2021ರಲ್ಲಿ ಟೋಕಿಯೋ ಕ್ರೀಡೆಗಳು ನಡೆದಾಗ ಸ್ಟೆಫಾನಿಡಿಗೆ ದೊರೆತದ್ದು 4.80 ಮೀಟರು, ನಾಲ್ಕನೆಯ ಸ್ಥಾನ. ತಾನು ಹೊತ್ತಿಸಿದ ಅಗ್ನಿ ಆಕೆಗೆ ಪದಕವನ್ನು ಕರುಣಿಸಲಿಲ್ಲ. ಪೂಜಿಸುವ ಸಂಸ್ಥೆಯನ್ನೇ ಪ್ರಶ್ನಿಸುವುದು ದ್ರೋಹವೆಂದು ಹಲವರು ಭಾವಿಸುತ್ತಾರೆ. ಪ್ರಶ್ನಿಸಿದ ಕೈಯೇ ದೀಪವನ್ನೂ ಬೆಳಗಬಲ್ಲದೆಂಬುದಕ್ಕೆ, ಓದುಗರೇ, ಈಕೆ ಸಾಕ್ಷಿ.