ಬಣ್ಣ ಕಳೆಯುವ ಮುನ್ನ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಂಪೆಯ ಪ್ರವಾಸ ಮುಗಿಸಿ ಬಂದು, ಅಲ್ಲಿ ತೆಗೆದ ಇಪ್ಪತ್ತು ಛಾಯಾಚಿತ್ರಗಳನ್ನು ನನಗೆ ಕಳುಹಿಸಿದ್ದ. ಎಲ್ಲವೂ ಕಪ್ಪು ಬಿಳುಪು. “ಸರ್, ಬಣ್ಣ ತೆಗೆದ ಮೇಲೆ ಹಂಪೆಗೆ ಒಂದು ಗಾಂಭೀರ್ಯ ಬಂತು ಅಲ್ಲವೇ?” ಎಂದು ಕೇಳಿದ್ದ. ಬಂದದ್ದು ನಿಜ. ಆದರೆ ಈ ಪ್ರಶ್ನೆಗೆ ಒಂದೇ ಸಾಲಿನಲ್ಲಿ ಉತ್ತರಿಸಲು ನನ್ನಿಂದಾಗಲಿಲ್ಲ. ಅದಕ್ಕೆ ಕಾರಣ ನಾನೇ ಮಾಡಿದ ಒಂದು ತಪ್ಪು. ಅದನ್ನು ಹೇಳುವ ಮೊದಲು ಹಂಪೆಯ ಮಾತನ್ನೇ ಆಡೋಣ.

ಹಂಪೆ ಕಪ್ಪು ಬಿಳುಪಿಗೆ ಚೆನ್ನಾಗಿ ಒಗ್ಗುತ್ತದೆ. ಗುಂಡುಬಂಡೆಗಳ ದುಂಡುತನ, ಕಂಬಗಳ ಸಾಲು, ಎಳೆಬಿಸಿಲಿನ ನೀಳ ನೆರಳು ಇವೆಲ್ಲ ಆಕಾರದ ಸಂಗತಿಗಳು. ಬಣ್ಣದ ಹಂಗು ಅವಕ್ಕೆ ಕಡಿಮೆ. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿಯೇ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪೆಯನ್ನು ಸೆರೆಹಿಡಿದನು. ಅವನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಇಂದು ಹೋಗಿ ನೋಡಿದರೆ ಆ ಶಿಖರವಿಲ್ಲ. ಅದು ಅಲ್ಲಿತ್ತೆಂಬುದನ್ನು ನಮಗೆ ಕಣ್ಣಾರೆ ತೋರಿಸುತ್ತಿರುವುದು ಆ ಚಿತ್ರ. ಶಿಖರ ಹಾಳುಬಿದ್ದಂತಿದೆ, ಚೌಕಟ್ಟಿನ ಅಂದ ಕೆಡಿಸುತ್ತದೆ ಎಂದು ಅವನು ಅದನ್ನು ಅಳಿಸಿದ್ದರೆ ನಮಗೇನು ಉಳಿಯುತ್ತಿತ್ತು?

ಇಲ್ಲಿ ಒಂದು ಅಂತರವನ್ನು ಗಮನಿಸಬೇಕು. ಗ್ರೀನ್‌ಲಾಗೆ ಬಣ್ಣದ ಆಯ್ಕೆಯೇ ಇರಲಿಲ್ಲ. ನಮ್ಮ ಕ್ಯಾಮೆರಾವಾದರೋ ಬಣ್ಣವನ್ನು ಹಿಡಿದು ಕೊಡುತ್ತದೆ, ನಾವು ಮನೆಗೆ ಬಂದು ಅದನ್ನು ಕಳೆಯುತ್ತೇವೆ. ಕಳೆಯುವವನಿಗೆ ತಾನು ಏನನ್ನು ಕಳೆಯುತ್ತಿದ್ದೇನೆಂಬ ಅರಿವು ಇರಬೇಕು.

ಮೇಷ್ಟರ ಚಾಳಿ ಬಿಡದು, ಸ್ವಲ್ಪ ಲೆಕ್ಕ ಮಾಡೋಣ. ಡಿಜಿಟಲ್ ಚಿತ್ರದ ಪ್ರತಿ ಬಿಂದುವಿನಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿರುತ್ತವೆ. ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಸೂತ್ರದ ಪ್ರಕಾರ ಕೆಂಪಿನಲ್ಲಿ ಶೇಕಡಾ 30, ಹಸಿರಿನಲ್ಲಿ 59, ನೀಲಿಯಲ್ಲಿ 11 ಪಾಲನ್ನು ತೆಗೆದು ಕೂಡಿದರೆ ಒಂದು ಬೂದು ಅಂಕಿ ಬರುತ್ತದೆ. ಹಸಿರಿಗೆ ಹೆಚ್ಚು ಪಾಲೇಕೆಂದರೆ ನಮ್ಮ ಕಣ್ಣಿಗೆ ಹಸಿರೇ ಹೆಚ್ಚು ಬೆಳಕಾಗಿ ತೋರುತ್ತದೆ. ಈಗ 200 ಅಂಕಿಯ ಶುದ್ಧ ಕೆಂಪನ್ನೂ 100 ಅಂಕಿಯ ಶುದ್ಧ ಹಸಿರನ್ನೂ ತೆಗೆದುಕೊಳ್ಳಿ. ಮೊದಲನೆಯದಕ್ಕೆ 60, ಎರಡನೆಯದಕ್ಕೆ 59. ಕಣ್ಣಿಗೆ ಅಜಗಜಾಂತರವಿದ್ದ ಎರಡು ಬಣ್ಣಗಳು ಒಂದೇ ಬೂದಿಯಾದವು! ಈ ಪಾಲುಗಳನ್ನು ನಾವೇ ಬದಲಿಸಬಹುದು. ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆಂದೇ ಮೋನೋ ಮಿಕ್ಸರ್ ಎಂಬ ಸಾಧನವಿದೆ. ಕೆಂಪಿನ ಪಾಲು ಹೆಚ್ಚಿಸಿ ನೀಲಿಯದನ್ನು ಇಳಿಸಿದರೆ ಆಕಾಶ ಕಪ್ಪಾಗಿ ಮೋಡಗಳು ಎದ್ದು ಕಾಣುತ್ತವೆ. ಫಿಲ್ಮಿನ ಕಾಲದಲ್ಲಿ ಲೆನ್ಸಿನ ಮುಂದೆ ಕೆಂಪು ಗಾಜನ್ನಿಟ್ಟು ಮಾಡುತ್ತಿದ್ದುದೂ ಇದನ್ನೇ. ಅಮೆರಿಕದ ಆನ್ಸೆಲ್ ಆಡಮ್ಸ್ 1927ರಲ್ಲಿ ಹಾಫ್ ಡೋಮ್ ಎಂಬ ಬಂಡೆಬೆಟ್ಟದ ಚಿತ್ರವನ್ನು ತೆಗೆದದ್ದು ಹಾಗೆಯೇ.

ಇನ್ನು ನನ್ನ ತಪ್ಪು. 2009ರ ಡಿಸೆಂಬರಿನಲ್ಲಿ ನಾನೂ ನನ್ನ ಅಕ್ಕನೂ ಬಾದಾಮಿಗೆ ಹೋಗಿದ್ದೆವು. ಹಿಂದಿನ ದಿನ ಇಳಕಲ್ಲಿನಲ್ಲಿ ಕೊಂಡಿದ್ದ ಸೀರೆಯುಟ್ಟು ಅಕ್ಕ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕುಳಿತಿದ್ದಳು. ಹಿಂದೆ ಕೆಂಪು ಮರಳುಗಲ್ಲಿನ ಬೆಟ್ಟ, ಮುಂದೆ ಹಸಿರು ನೀರು. ನಾನು ಚಿತ್ರ ತೆಗೆದೆ. ಊರಿಗೆ ಬಂದವನು ಕಲಾವಿದನಾಗುವ ಹುಮ್ಮಸ್ಸಿನಲ್ಲಿ ಅದನ್ನು ಕಪ್ಪು ಬಿಳುಪು ಮಾಡಿ, ಮೂಲ ಕಡತದ ಮೇಲೆಯೇ ಉಳಿಸಿಬಿಟ್ಟೆ. ಕ್ಯಾಮೆರಾದ ಕಾರ್ಡನ್ನೂ ಅಳಿಸಿದೆ. ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಾಗ ಅಕ್ಕ ನೋಡಿ, “ಚೆನ್ನಾಗಿದೆ ಕಣೋ. ಆದರೆ ನನ್ನ ಹೊಸ ಸೀರೆಯನ್ನು ಹಳೆಯದು ಮಾಡಿಬಿಟ್ಟೆಯಲ್ಲ” ಎಂದು ನಕ್ಕಳು.

ಮೂರು ವರ್ಷಗಳ ತರುವಾಯ ಅಕ್ಕ ತೀರಿಕೊಂಡಳು. ಆಕೆಯ ಸೀರೆಗಳನ್ನು ಬಂಧುಗಳಿಗೆಲ್ಲ ಹಂಚಿಯಾಗಿತ್ತು. ಒಂದು ದಿನ ಅಕ್ಕನ ಮಗಳು ಆ ಚಿತ್ರದ ಮುಂದೆ ನಿಂತು, “ಮಾಮ, ಅಮ್ಮ ಉಟ್ಟಿರುವ ಈ ಸೀರೆ ಯಾವ ಬಣ್ಣದ್ದು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಇಳಕಲ್ ಸೀರೆಯ ಸೆರಗು ಸಾಮಾನ್ಯವಾಗಿ ಕೆಂಪು, ಅಷ್ಟನ್ನು ಊಹಿಸಬಲ್ಲೆ. ಒಡಲಿನ ಬಣ್ಣ? ಚಿತ್ರದಲ್ಲಿ ಸೆರಗು, ಒಡಲು, ಕೆರೆಯ ನೀರು, ಬೆಟ್ಟ ಎಲ್ಲವೂ ಒಂದೇ ಬೂದು. ಈಚೆಗೆ ಅವಳು ಅದನ್ನು ಹಳೆಯ ಚಿತ್ರಕ್ಕೆ ಬಣ್ಣ ತುಂಬುವ ತಂತ್ರಾಂಶವೊಂದಕ್ಕೆ ಕೊಟ್ಟು ನೋಡಿದಳಂತೆ. ಅದು ಸೀರೆಗೆ ನೀಲಿ ಬಳಿಯಿತು. ಯಂತ್ರ ಊಹಿಸುತ್ತದೆ, ನೆನಪು ಅದರದ್ದಲ್ಲ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಕಪ್ಪು ಬಿಳುಪು ಮಾಡಬೇಡಿ ಎಂದು ನಾನು ಹೇಳಲಾರೆ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರು ಸಾಮಾನ್ಯ ಜನರ ಬದುಕನ್ನು ಕಪ್ಪು ಬಿಳುಪಿನಲ್ಲಿ ತೋರಿಸಿದ ಬಗೆಯನ್ನು ಕಂಡವರು ಹಾಗೆ ಹೇಳುವುದು ಸಾಧ್ಯವೇ? ಆದರೆ ಮಾಡುವುದನ್ನು ಪ್ರತಿಯ ಮೇಲೆ ಮಾಡಿ, ಮೂಲವನ್ನು ಮುಟ್ಟಬೇಡಿ. ಎರಡನೆಯದಾಗಿ, ನೆರಳು ಬೆಳಕನ್ನು ತಿದ್ದಿ, ಓರೆಯಾದ ದಿಗಂತವನ್ನು ನೇರ ಮಾಡಿ, ಆದರೆ ಅಲ್ಲಿದ್ದುದನ್ನು ಇಲ್ಲವಾಗಿಸಬೇಡಿ. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕೆ ಅಡ್ಡ ಚಿತ್ರವೊಂದನ್ನು ಹೊಂದಿಸಲೆಂದು ಗೀಜಾದ ಪಿರಮಿಡ್ಡುಗಳನ್ನೇ ಗಣಕದಲ್ಲಿ ಹತ್ತಿರ ಸರಿಸಿ, ಟೀಕೆಗೆ ಗುರಿಯಾಯಿತು. ಸಾವಿರಾರು ವರ್ಷ ಕದಲದೆ ನಿಂತದ್ದನ್ನು ಕದಲಿಸುವ ಅಧಿಕಾರ ನಮಗೆಲ್ಲಿಂದ ಬರಬೇಕು? ಮೂರನೆಯದಾಗಿ, ಕೇವಲ ಹಳತಾಗಿ ಕಾಣಲೆಂದು ಬಣ್ಣ ತೆಗೆಯಬೇಡಿ. ಹಳತಾಗಿಸುವ ಕೆಲಸವನ್ನು ಕಾಲ ತಾನಾಗಿಯೇ ಮಾಡುತ್ತದೆ, ನಮ್ಮ ನೆರವು ಅದಕ್ಕೆ ಬೇಕಿಲ್ಲ.

ಆ ವಿದ್ಯಾರ್ಥಿಗೆ ನಾನು ಕಡೆಗೆ ಬರೆದದ್ದು ಹೀಗೆ: “ಹಂಪೆ ಸೊಗಸಾಗಿ ಬಂದಿದೆಯಪ್ಪ. ಹನ್ನೊಂದನೆಯ ಚಿತ್ರದಲ್ಲಿ ಕಂಬಕ್ಕೆ ಒರಗಿ ನಿಂತಿರುವವರು ನಿನ್ನ ತಾಯಿಯವರಲ್ಲವೇ? ಅದರ ಬಣ್ಣದ ಮೂಲ ನಿನ್ನಲ್ಲಿ ಉಳಿದಿದೆಯೇ? ಮೊದಲು ಅದನ್ನು ಹುಡುಕಿ ನೋಡಿ ತಿಳಿಸು.” ಸಂಜೆಯೊಳಗೆ ಮರುಪತ್ರ ಬಂತು. ಮೂಲ ಭದ್ರವಾಗಿತ್ತು. ಅವರ ಸೀರೆ ಮಾವಿನ ಚಿಗುರಿನ ಬಣ್ಣದ್ದು.