ಗಾಡಿ ನಮ್ಮದು, ಪ್ಲಗ್ಗು ಯಾರದ್ದು?

ಎಲೆಕ್ಟ್ರಿಕ್ ಬೈಕ್ ತಗೊಂಡು ಎಂಟು ತಿಂಗಳಾಯ್ತು. (ಬೈಕ್ ಅಂದ್ರೆ ಸ್ಕೂಟರ್ರೇ. ನಮ್ಮ ಬೆಂಗಳೂರಲ್ಲಿ ಎರಡು ಚಕ್ರ ಇರೋದೆಲ್ಲ ಬೈಕೇ ಅಲ್ವಾ!) ಇದು ನನ್ನ ಮೊದಲ ಎಲೆಕ್ಟ್ರಿಕ್ ಗಾಡಿ. ಅವತ್ತಿನಿಂದ ಸಿಗ್ನಲ್ಲಿನಲ್ಲಿ, ಆಫೀಸಿನ ಲಿಫ್ಟಿನಲ್ಲಿ, ಕೊನೆಗೆ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಜನ ಕೇಳಿದ್ದು ಎರಡೇ ಪ್ರಶ್ನೆ. "ಒಂದ್ಸಲ ಚಾರ್ಜ್ ಮಾಡಿದ್ರೆ ಎಷ್ಟು ಕಿಲೋಮೀಟರ್ ಓಡುತ್ತೆ?", "ಬ್ಯಾಟರಿ ಎಷ್ಟು ವರ್ಷ ಬರುತ್ತೆ?" ಎರಡೂ ಕೇಳಬೇಕಾದವೇ, ಇಲ್ಲ ಅನ್ನಲ್ಲ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಇಲ್ಲಿವರೆಗೆ ಒಬ್ಬರೂ ಕೇಳಿಲ್ಲ: "ರಾತ್ರಿ ಎಲ್ಲಿ ಚಾರ್ಜಿಗೆ ಹಾಕ್ತೀಯಾ?"

ಸ್ವಂತ ಮನೆ ಇರೋರಿಗೆ ಇದೊಂದು ಪ್ರಶ್ನೆಯೇ ಅಲ್ಲ. ಬಾಡಿಗೆ ಮನೆಯವರಿಗೆ ಇದೊಂದೇ ಪ್ರಶ್ನೆ.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡ್ತೀನಿ. ನನ್ನ ದಾರಿ ಕತ್ರಿಗುಪ್ಪೆಯಿಂದ ಬೊಮ್ಮನಹಳ್ಳಿಗೆ. ರಿಂಗ್ ರೋಡ್ ಹಿಡಿದು ದೇವೇಗೌಡ ಪೆಟ್ರೋಲ್ ಬಂಕ್, ಬನಶಂಕರಿ, ಜೆ.ಪಿ. ನಗರ, ಬಿಟಿಎಂ, ಆಮೇಲೆ ಲೋಕಪ್ರಸಿದ್ಧ ಸಿಲ್ಕ್ ಬೋರ್ಡ್. ಹೋಗಿ ಬಂದು ಮಾಡಿದ್ರೆ ಸುಮಾರು 25 ಕಿ.ಮೀ. ಇಂಥ ನಿಂತು ನಿಂತು ಹೋಗುವ ದಾರಿಗೆ ಎಲೆಕ್ಟ್ರಿಕ್ ಗಾಡಿ ಹೇಳಿ ಮಾಡಿಸಿದ ಹಾಗಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಮೋಟರ್ ಏನೂ ತಿನ್ನಲ್ಲ. ವೇಗ ಇಳಿಸುವಾಗ ಮೋಟರ್ರೇ ಜನರೇಟರ್ ಆಗಿ ಸ್ವಲ್ಪ ಕರೆಂಟನ್ನು ಬ್ಯಾಟರಿಗೆ ವಾಪಸ್ ಕೊಡುತ್ತೆ. ಪೆಟ್ರೋಲ್ ಗಾಡಿಗೆ ಟ್ರಾಫಿಕ್ ಅಂದ್ರೆ ನಷ್ಟ, ಇದಕ್ಕೆ ಹೆಚ್ಚುಕಮ್ಮಿ ಒಂದೇ. ಹೆಸರಲ್ಲೇ ಬಂಕ್ ಇರೋ ಸ್ಟಾಪಿನ ಮುಂದೆ ದಿನಾ ಹಾದು ಹೋಗ್ತೀನಿ, ಬಂಕಿಗೆ ಮಾತ್ರ ಕೆಲಸ ಇಲ್ಲ :-)

ಲೆಕ್ಕ ನೋಡಿ. ತಿಂಗಳಿಗೆ 24 ದಿನ ಅಂದ್ರೆ 600 ಕಿ.ಮೀ. ನನ್ನ ಹಳೇ ಸ್ಕೂಟರ್ 45 ಕಿ.ಮೀ. ಕೊಡ್ತಿತ್ತು, ಹದಿಮೂರು ಲೀಟರಿಗೂ ಮೇಲೆ ಬೇಕಿತ್ತು. ಲೀಟರಿಗೆ ನೂರರ ಮೇಲಿರೋ ಪೆಟ್ರೋಲಿಗೆ ತಿಂಗಳಿಗೆ 1,300 ರೂಪಾಯಿಗೂ ಜಾಸ್ತಿ. ಈಗ ಅದೇ ದೂರಕ್ಕೆ 20-22 ಯೂನಿಟ್ ಕರೆಂಟ್. ಯೂನಿಟ್ಟಿಗೆ ತೆರಿಗೆ ಎಲ್ಲ ಸೇರಿ ಏಳು ರೂಪಾಯಿ ಹಿಡಿದರೂ 150ರ ಹತ್ತಿರ. ಉಳಿತಾಯ ಸಾವಿರಕ್ಕೂ ಮೇಲೆ.

ಇಷ್ಟು ಚೆನ್ನಾಗಿರೋ ಲೆಕ್ಕ ಒಂದು ಸಾಕೆಟ್ ಹತ್ತಿರ ಬಂದು ನಿಂತುಬಿಡುತ್ತೆ.

ನಾವಿರೋದು ಎರಡನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಪಾರ್ಕಿಂಗ್. ಅಲ್ಲಿರೋ ಒಂದೇ ಒಂದು ಸಾಕೆಟ್ ನೀರಿನ ಮೋಟರಿನದ್ದು, ಅದರ ಬಿಲ್ ಓನರ್ ಹೆಸರಲ್ಲಿ. ಗಾಡಿ ಬಂದ ದಿನ ಅವರು ಹೇಳಿದ್ದು, "ಚಾರ್ಜ್ ಮಾಡ್ಕೊಳ್ಳಿ, ತಿಂಗಳಿಗೆ ಐನೂರು ಸೇರಿಸಿ ಕೊಡಿ." ನೂರೈವತ್ತರ ಕರೆಂಟಿಗೆ ಐನೂರು! ಕೆಟ್ಟ ಮನುಷ್ಯರೇನಲ್ಲ, ಹಬ್ಬಕ್ಕೆ ಒಬ್ಬಟ್ಟು ಕಳಿಸೋರು. ಅವರ ಕಲ್ಪನೆಯಲ್ಲಿ ಗಾಡಿ ಓಡಿಸುವ ಕರೆಂಟು ಅಂದ್ರೆ ಅಷ್ಟು ದೊಡ್ಡದು. ವಾಸ್ತವದಲ್ಲಿ ನನ್ನ ಚಾರ್ಜರ್ ಎಳೆಯೋದು ಒಂದು ಇಸ್ತ್ರಿ ಪೆಟ್ಟಿಗೆಗಿಂತ ಕಮ್ಮಿ, ಸ್ನಾನದ ಮನೆಯ ಗೀಸರ್ ಎಳೆಯುವುದರ ಅರ್ಧವೂ ಅಲ್ಲ. ಗೀಸರ್ ಹಾಕ್ತೀವಿ ಅಂದಾಗ ಯಾವ ಓನರ್ರೂ ಸಭೆ ಕರೆಯಲ್ಲ.

ಎರಡು ತಿಂಗಳು ಐನೂರು ಕೊಟ್ಟೆ. ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿದಾಗ ಗೊತ್ತಾದ ವಿಷಯ ಬಹಳ ಸರಳ. ನಮ್ಮೂರಿನ ಎಷ್ಟೋ ಸಣ್ಣ ಕಟ್ಟಡಗಳಲ್ಲಿ ಎಲ್ಲ ಮನೆಗಳ ಮೀಟರುಗಳು ಇರೋದು ಕೆಳಗೇ, ಪಾರ್ಕಿಂಗ್ ಪಕ್ಕದ ಗೋಡೆಯ ಮೇಲೆ. ಅಂದ್ರೆ ನಾನು ಬಾಡಿಗೆಗಿರೋ ಮನೆಯ ಮೀಟರ್, ನನ್ನ ಗಾಡಿಯಿಂದ ಹತ್ತು ಅಡಿ ದೂರದಲ್ಲಿ ಮೊದಲಿಂದಲೂ ಇತ್ತು! ಅಲ್ಲಿಂದ ಅರ್ಥಿಂಗ್ ಇರೋ ಒಂದು ಲೈನ್, ಒಂದು ಎಂಸಿಬಿ, 15 ಆಂಪ್ ಸಾಕೆಟ್, ಅದಕ್ಕೊಂದು ಬೀಗ ಹಾಕುವ ಡಬ್ಬಿ. ಕೂಲಿ ಸೇರಿ ಮೂರು ಸಾವಿರದೊಳಗೆ ಮುಗೀತು. ಕರೆಂಟು ನನ್ನ ಬಿಲ್ಲಿಗೇ ಬರೋದ್ರಿಂದ ಓನರಿಗೂ ತಕರಾರಿಲ್ಲ.

ಇನ್ನೊಂದು ಭಯ ಗೃಹಜ್ಯೋತಿಯದ್ದು. 2023ರಲ್ಲಿ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಳೇ ಸರಾಸರಿ ನೋಡಿ ಉಚಿತ ಯೂನಿಟ್ ನಿಗದಿಯಾಗಿದೆ. ಅದನ್ನು ಮೀರಿದರೂ 200ರೊಳಗೆ ಇದ್ದರೆ ಹೆಚ್ಚಿನ ಯೂನಿಟ್ಟಿಗಷ್ಟೇ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಮ್ಮ ಮೇಲೆ. ಮನೆಯಲ್ಲಿ 120 ಯೂನಿಟ್ ಉರಿಸೋರು ಗಾಡಿಗೆ 22 ಸೇರಿಸಿದರೆ 142. ಹೆದರೋಕೇನೂ ಇಲ್ಲ. 185 ಉರಿಸೋರು ಮಾತ್ರ ಪೆನ್ನು ಪೇಪರ್ ಹಿಡಿದು ಕೂರಬೇಕು.

ಇಷ್ಟಾದರೂ ನನ್ನದು ಅದೃಷ್ಟವಂತರ ಕಥೆಯೇ. ನಮ್ಮ ಆಫೀಸಿನಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ಳುವ ಹುಡುಗನೊಬ್ಬ ಇದ್ದಾನೆ. ದಿನಾ ನನಗಿಂತ ಜಾಸ್ತಿ ದೂರದಿಂದ ಬರ್ತಾನೆ, ಸಂಬಳ ನನಗಿಂತ ಎಷ್ಟೋ ಕಮ್ಮಿ. ತಿಂಗಳಿಗೆ ಸಾವಿರ ರೂಪಾಯಿ ಉಳಿದರೆ ನನಗೆ ಅದು ಒಂದು ಭಾನುವಾರದ ಹೋಟೆಲ್ ಊಟ, ಅವನಿಗೆ ಊರಿಗೆ ಕಳಿಸುವ ದುಡ್ಡು. ಕಂತಿನಲ್ಲಿ ಎಲೆಕ್ಟ್ರಿಕ್ ಗಾಡಿ ತಗೊಳ್ಳೋಕೆ ತಯಾರಿದ್ದ. ಅವನಿರೋ ವಠಾರದಲ್ಲಿ ಓನರ್ "ಅದೆಲ್ಲಾ ಇಲ್ಲಿ ಬೇಡ" ಅಂದುಬಿಟ್ಟರು. ಮುಗೀತು. ಬ್ಯಾಟರಿ ಬಿಚ್ಚಿ ಒಳಗೆ ಒಯ್ಯುವ ಗಾಡಿಗಳೂ ಇವೆ, ನಿಜ. ಆದರೆ ದಿನಾ ಹತ್ತು ಕೆಜಿ ಹೊತ್ತು ಮೆಟ್ಟಿಲು ಹತ್ತಿ, ಒಂದೇ ಕೋಣೆಯ ಮನೆಯಲ್ಲಿ ಮಲಗೋ ಜಾಗದ ಪಕ್ಕ ಚಾರ್ಜಿಗೆ ಹಾಕು ಅಂತ ನಾನಂತೂ ಅವನಿಗೆ ಹೇಳಲಾರೆ.

"ಹೊರಗೆ ಚಾರ್ಜಿಂಗ್ ಸ್ಟೇಷನ್ ಇದೆಯಲ್ಲ" ಅಂತೀರಾ? ಇದೆ. ಬೆಸ್ಕಾಂ 2018ರಲ್ಲೇ ಕೆ.ಆರ್. ಸರ್ಕಲ್ಲಿನ ತನ್ನ ಕಚೇರಿಯಲ್ಲಿ ಶುರು ಮಾಡಿತು, ಆಮೇಲೆ ಊರೆಲ್ಲ ಬಂದಿವೆ. ದಾರಿ ಮಧ್ಯೆ ಕೈಕೊಟ್ಟಾಗ ಅವು ದೇವರಿದ್ದಂಗೆ. ಆದರೆ ದಿನದ ಓಡಾಟಕ್ಕೆ? ಕೆಲಸ ಮುಗಿಸಿ ಮನೆಗೆ ಹೊರಟವನು ಅಲ್ಲಿ ಕಾಯುತ್ತಾ ಕೂರೋದಾದ್ರೆ ಎರಡು ನಿಮಿಷದ ಪೆಟ್ರೋಲೇ ವಾಸಿ. ಮೊಬೈಲ್ ಚಾರ್ಜ್ ಮಾಡೋಕೆ ದಿನಾ ಅಂಗಡಿಗೆ ಹೋಗ್ತೀವಾ? ನಾವು ಮಲಗಿದಾಗ ಗಾಡಿಯೂ ತುಂಬಿಕೊಳ್ಳಬೇಕು. ಈ ಗಾಡಿಯ ಸುಖ ಇರೋದೇ ಅಲ್ಲಿ.

ಅಪಾರ್ಟ್‌ಮೆಂಟ್ ಸಂಘಗಳು ಬೇಡ ಅನ್ನೋಕೆ ಕೊಡುವ ಕಾರಣ ಬೆಂಕಿ. ಈ ಭಯವನ್ನು ನಾನು ಹಗುರ ಮಾಡಲ್ಲ. 2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ ಸ್ಕೂಟರುಗಳು ಹೊತ್ತಿಕೊಂಡು ಉರಿದದ್ದು ನಿಜ. ಅದಾದ ಮೇಲೆ ಬ್ಯಾಟರಿಯ ಸುರಕ್ಷತೆಯ ನಿಯಮಗಳನ್ನು ಬಿಗಿ ಮಾಡಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಿಂದ ಎರಡು ಹಂತದಲ್ಲಿ ಜಾರಿ ಮಾಡಿದರು. ಬಿಸಿಲಲ್ಲಿ ಓಡಿ ಬಂದ ಗಾಡಿಯನ್ನು ಸ್ವಲ್ಪ ತಣ್ಣಗಾಗಲು ಬಿಟ್ಟು ಚಾರ್ಜಿಗೆ ಹಾಕೋದು, ಕಂಪನಿ ಕೊಟ್ಟ ಚಾರ್ಜರನ್ನೇ ಬಳಸೋದು, ಇವು ನಮ್ಮ ಪಾಲಿನ ಜವಾಬ್ದಾರಿ. ಆದರೆ ಬೇಡ ಅಂದ ಮಾತ್ರಕ್ಕೆ ಜನ ಚಾರ್ಜ್ ಮಾಡೋದು ನಿಲ್ಲಿಸ್ತಾರಾ? ನಮ್ಮ ರಸ್ತೆಯಲ್ಲೇ ಒಂದು ಮನೆಯ ಎರಡನೇ ಮಹಡಿಯ ಬಾಲ್ಕನಿಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿದು ಬಂದಿದೆ, ಜಾಯಿಂಟಿಗೆ ಮಳೆ ತಾಗದಿರಲಿ ಅಂತ ಹಾಲಿನ ಕವರ್ ಸುತ್ತಿದ್ದಾರೆ! ಸರಿಯಾದ ಸಾಕೆಟ್ ಕೊಡದೇ ಇರೋದ್ರಿಂದ ನಾವು ಬೆಂಕಿಯನ್ನು ತಪ್ಪಿಸ್ತಿದ್ದೀವಾ, ಕರೀತಿದ್ದೀವಾ?

ಸರ್ಕಾರದ ಕಾಗದದಲ್ಲಿ ಎಲ್ಲ ಚೆನ್ನಾಗೇ ಇದೆ. ಎಲೆಕ್ಟ್ರಿಕ್ ವಾಹನಕ್ಕೆ ನೀತಿ ಮಾಡಿದ ಮೊದಲ ರಾಜ್ಯ ನಮ್ಮದೇ, 2017ರಲ್ಲಿ. 2001ರಲ್ಲಿ ರೇವಾ ಕಾರು ರಸ್ತೆಗಿಳಿದದ್ದು ಇದೇ ಊರಿನಿಂದ. 2019ರಲ್ಲಿ ಕೇಂದ್ರ ಸರ್ಕಾರ ಮಾದರಿ ಕಟ್ಟಡ ನಿಯಮ ತಿದ್ದಿ ಪಾರ್ಕಿಂಗಿನ ಶೇ. 20ರಷ್ಟು ಜಾಗಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಬೇಕು ಅಂದಿತು. 2022ರ ಮಾರ್ಗಸೂಚಿಯಲ್ಲಿ, ಮನೆಯ ಈಗಿರುವ ಕರೆಂಟ್ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಬಹುದು ಅಂತ ಬರೆದಿದೆ. ಆದರೆ ಮಾದರಿ ನಿಯಮ ಹೊಸ ಕಟ್ಟಡದವರಿಗೆ, ಮಾರ್ಗಸೂಚಿ ಗಾಡಿಯೂ ಮನೆಯೂ ಎರಡೂ ತನ್ನದೇ ಆಗಿರೋನಿಗೆ. ಹಳೇ ಕಟ್ಟಡದ ಬಾಡಿಗೆದಾರ ಯಾವ ಕಾಗದವನ್ನು ಓನರ್ ಮುಂದೆ ಹಿಡಿಯಬೇಕು? ನಾರ್ವೆಯಲ್ಲಿ 2018ರಿಂದ ಫ್ಲ್ಯಾಟಿನ ಮಾಲೀಕ ಚಾರ್ಜಿಂಗ್ ಪಾಯಿಂಟ್ ಕೇಳಿದರೆ ಸಂಘ ಸಕಾರಣವಿಲ್ಲದೆ ಬೇಡ ಅನ್ನುವಂತಿಲ್ಲ. ನಮ್ಮಲ್ಲೂ ಅಂಥದೊಂದು ಸಾಲು ಬೇಕು, ಅದು ಬಾಡಿಗೆದಾರನನ್ನೂ ಸೇರಿಸಿಕೊಂಡಿರಬೇಕು: ಖರ್ಚು ನನ್ನದು, ಮೀಟರ್ ನನ್ನ ಮನೆಯದ್ದು, ವೈರಿಂಗ್ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನದು. ಇಷ್ಟಿದ್ದರೆ ಬೇಡ ಅನ್ನುವಂತಿಲ್ಲ.

ಕಾನೂನು ಬರೋವರೆಗೆ ಕಾಯಬೇಕಾಗಿಲ್ಲ. ಮನೆ ನೋಡೋಕೆ ಹೋದಾಗ ನೀರು ಎಷ್ಟೊತ್ತಿಗೆ ಬರುತ್ತೆ ಅಂತ ಕೇಳೋ ಹಾಗೆ ಚಾರ್ಜಿಂಗ್ ಪಾಯಿಂಟ್ ಇದೆಯಾ ಅಂತಲೂ ಕೇಳಿ. ಕರಾರು ಪತ್ರದಲ್ಲಿ ಒಂದು ಸಾಲು ಬರೆಸಿ. ನೀವು ಓನರ್ ಆಗಿದ್ರೆ, ಮೂರು ಸಾವಿರದ ಆ ಸಾಕೆಟ್ಟನ್ನು ನೀವೇ ಹಾಕಿಸಿ ನೋಡಿ, ಟು-ಲೆಟ್ ಬೋರ್ಡಿನಲ್ಲಿ "ಕಾವೇರಿ ನೀರು ಇದೆ" ಕೆಳಗೆ ಅದನ್ನೂ ಬರೆಯಿರಿ. ಬಾಡಿಗೆಗೆ ಜನ ಹುಡುಕಬೇಕಾಗಲ್ಲ.

ನಮ್ಮ ಆಫೀಸಿನ ಆ ಹುಡುಗ ಈಗ ಬೇರೆ ಮನೆ ನೋಡ್ತಿದ್ದಾನೆ. ಬೊಮ್ಮನಹಳ್ಳಿ, ಬೇಗೂರು ಕಡೆ, ಕಮ್ಮಿ ಬಾಡಿಗೆಗೆ, ಗಾಡಿ ಚಾರ್ಜ್ ಮಾಡೋಕೆ ಬಿಡುವ ಓನರ್ ಯಾರಾದ್ರೂ ಗೊತ್ತಿದ್ರೆ ತಿಳಿಸಿ.